ಪಾಸಾಗೋದನ್ನ ತಗೊ

ಹತ್ತನೇ ಕ್ಲಾಸಿನ ರಿಸಲ್ಟು ಬಂದು ಪಿಯುಸಿ ಅರ್ಜಿ ತುಂಬುವ ಮೂರ್ನಾಲ್ಕು ವಾರಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಕೇರಿಗಳಲ್ಲಿ, ಹಾಡಿಗಳಲ್ಲಿ ಒಂದೇ ಮಾತು ಓಡಾಡುತ್ತದೆ. ‘ಪಾಸಾಗೋದನ್ನ ತಗೊ.’ ಮೇಷ್ಟ್ರು ಹೇಳುತ್ತಾರೆ. ಕಾಲೇಜಿನ ಗುಮಾಸ್ತ ಹೇಳುತ್ತಾನೆ. ಫಸ್ಟ್ ಪಿಯುಸಿಯಲ್ಲಿ ಫೇಲಾಗಿ ಮೂರು ವರ್ಷದಿಂದ ಗಾರೆ ಕೆಲಸಕ್ಕೆ ಹೋಗುತ್ತಿರುವ ಅಣ್ಣ ಹೇಳುತ್ತಾನೆ. ಓದು ಬರಹ ಕಾಣದ ಅವ್ವ ಕೂಡ, ‘ಅದೇನೋ ನಂಗ್ ಗೊತ್ತಾಗಕಿಲ್ಲ ಕಣ್ ಮಗ, ಸುಲಭವಾಗಿರೋದ್ ತಕ್ಕೊ, ಮೇಷ್ಟ್ರು ಹೇಳ್ದಂಗ್ ಕೇಳು’ ಅನ್ನುತ್ತಾಳೆ. ಈ ಮಾತು ಆಡುವವರಲ್ಲಿ ಯಾರೂ ಕೆಟ್ಟವರಲ್ಲ. ಬಹಳ ಮಂದಿ ಆ ಮಗುವಿನ ಮೇಲೆ ನಿಜವಾದ ಅಕ್ಕರೆ ಇರುವವರು. ನಮಗೆ ತೊಡಕಾಗಿರುವುದೂ ಅದೇ. ಬೈದು ಓಡಿಸಿದವನ ವಿರುದ್ಧ ಹೇಗೆ ನಿಲ್ಲಬೇಕೆಂದು ಚಳವಳಿಗೆ ಗೊತ್ತಿದೆ. ತಲೆ ಸವರಿ ದಾರಿ ಬದಲಿಸಿದವರ ಜೊತೆ ಏನು ಮಾತಾಡಬೇಕೆಂದು ಗೊತ್ತಿಲ್ಲ.

ಮೊದಲು ಈ ಆಯ್ಕೆ ಅನ್ನುವುದು ಏನೆಂದು ನೋಡೋಣ. ಮೇಲ್ನೋಟಕ್ಕೆ ಮೂರು ಬಾಗಿಲು: ಸೈನ್ಸು, ಕಾಮರ್ಸು, ಆರ್ಟ್ಸು. ಒಳಗೆ ಮತ್ತೆ ಗುಂಪುಗಳು: ಪಿಸಿಎಂಬಿ, ಪಿಸಿಎಂಸಿ, ಎಚ್‌ಇಬಿಎ, ಎಚ್‌ಇಪಿಎಸ್. ಹದಿನಾರರ ಹುಡುಗ ಹುಡುಗಿಯರು ಈ ಅಕ್ಷರಗಳನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಮೂರೂ ಬಾಗಿಲು ಸರಿಸಮ ಎಂದು ಕಾಗದ ಹೇಳುತ್ತದೆ. ಆದರೆ ಅವು ತೆರೆಯುವ ರೀತಿ ಬೇರೆ ಬೇರೆ. ಸೈನ್ಸ್ ಓದಿದವನಿಗೆ ಎರಡು ವರ್ಷದ ಮೇಲೆ ಬೇಸರವಾದರೆ ಬಿ.ಎ.ಗೆ ಹೋಗಬಹುದು, ಬಿ.ಕಾಂ.ಗೆ ಹೋಗಬಹುದು, ಲಾ ಓದಬಹುದು. ಆರ್ಟ್ಸ್ ಓದಿದವನಿಗೆ ಆಮೇಲೆ ಮನಸ್ಸು ಬದಲಾದರೆ ಭೌತಶಾಸ್ತ್ರದ ಬಿ.ಎಸ್ಸಿ. ಇಲ್ಲ, ಇಂಜಿನಿಯರಿಂಗ್ ಇಲ್ಲ, ಡಾಕ್ಟರಿಕೆ ಇಲ್ಲ. ಒಂದು ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ; ಇನ್ನೊಂದು, ಒಳಗೆ ಹೋದವರ ಬೆನ್ನ ಹಿಂದೆ ಅಗುಳಿ ಹಾಕಿಕೊಳ್ಳುತ್ತದೆ. ‘ನಿನಗೆ ಇಷ್ಟ ಬಂದದ್ದು ತಗೊ’ ಎನ್ನುವವರು ಈ ಅಗುಳಿಯ ಸಂಗತಿಯನ್ನು ಮಗುವಿಗೆ ಹೇಳುವುದಿಲ್ಲ. ಎಷ್ಟೋ ಸಲ ಅವರಿಗೇ ಅದು ತಿಳಿದಿರುವುದಿಲ್ಲ.

ಈ ಅಗುಳಿ ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಕೋಟೆ ತಾಲ್ಲೂಕಿನ ಕಾಡಂಚನ್ನೇ ನೋಡಬಹುದು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮ ಹಾಡಿಗಳಿಂದ ಹೊರಬಿದ್ದರು. ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಹಾಡಿಗಳಲ್ಲಿ ಈಗ ಅವರ ಮೊಮ್ಮಕ್ಕಳು ಬೆಳೆಯುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೂ ಅರ್ಜಿಗಳು ಮೇಜಿನಿಂದ ಮೇಜಿಗೆ ಅಲೆಯುತ್ತಿವೆ. ಆ ಮೇಜುಗಳ ಹಿಂದೆ ಕೂತವರಲ್ಲಿ ಅರಣ್ಯ ಇಲಾಖೆಯ ದೊಡ್ಡ ಅಧಿಕಾರಿಗಳೂ ಇದ್ದಾರೆ. ಅವರು ಬರುವುದು ಭಾರತೀಯ ಅರಣ್ಯ ಸೇವೆಯಿಂದ. ಐಎಎಸ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಅರಣ್ಯ ಸೇವೆಗೆ ಹಾಗಲ್ಲ. ಸಸ್ಯಶಾಸ್ತ್ರವೋ, ಪ್ರಾಣಿಶಾಸ್ತ್ರವೋ, ಗಣಿತವೋ, ಕೃಷಿಯೋ, ಇಂಜಿನಿಯರಿಂಗೋ, ಇಂಥದೊಂದು ಓದಿರಲೇಬೇಕು. ಅಂದರೆ ಹಾಡಿಯ ಮಗಳೊಬ್ಬಳು ಹದಿನಾರನೇ ವಯಸ್ಸಿಗೆ ಎಚ್‌ಇಪಿಎಸ್ ಎಂದು ಬರೆದ ದಿನವೇ, ತನ್ನ ಅಜ್ಜ ಜೇನು ಕುಯ್ದ ಕಾಡಿನ ಬಗ್ಗೆ ತೀರ್ಮಾನ ಮಾಡುವ ಕುರ್ಚಿಗೆ ಅವಳು ಹೊರಗಿನವಳಾದಳು. ಅವಳಿಗೆ ಅದು ಗೊತ್ತಿಲ್ಲ. ಅರ್ಜಿ ತುಂಬಿಸಿದವರಿಗೂ ಗೊತ್ತಿಲ್ಲ. ಯಾರೂ ಅವಳ ಹೆಬ್ಬೆರಳು ಕೇಳಲಿಲ್ಲ. (ಏಕಲವ್ಯನ ಕತೆ ನಮ್ಮ ಪತ್ರಿಕೆಗಳಲ್ಲಿ ಸವೆದು ಹೋಗಿದೆ, ಅದಕ್ಕೇ ಅದನ್ನು ಇಲ್ಲಿಗೇ ಬಿಡುತ್ತೇವೆ.)

‘ಕಾಡಿನ ಮಕ್ಕಳಿಗೆ ಬಯಾಲಜಿ ರಕ್ತದಲ್ಲೇ ಇರುತ್ತೆ’ ಎಂದು ಪಟ್ಟಣದಿಂದ ಬರುವ ಸಜ್ಜನರು ಹೇಳುವುದುಂಟು. ರಕ್ತದಲ್ಲಿ ಏನೂ ಇರುವುದಿಲ್ಲ ಸ್ವಾಮಿ. ಇದ್ದರೆ ಅದು ಮನುವಿನ ಮಾತೇ ಆಯಿತು, ಹೊಗಳಿಕೆಯ ಬಟ್ಟೆ ಹಾಕಿಕೊಂಡದ್ದು ಅಷ್ಟೆ. ಆ ಮಗುವಿಗೆ ಬೇಕಾದ್ದು ಬೇರೆ ಎಲ್ಲ ಮಕ್ಕಳಿಗೂ ಬೇಕಾದ್ದೇ: ಪಾಠ ಮಾಡುವ ಮೇಷ್ಟ್ರು, ಒಂದು ಪ್ರಯೋಗಶಾಲೆ, ಹೊಟ್ಟೆಗೆ ಊಟ, ತಿಳಿಯದಿದ್ದರೆ ಇನ್ನೊಂದು ಸಲ ಕೇಳುವ ಧೈರ್ಯ.

ಈಗ ‘ಪಾಸಾಗೋದನ್ನ ತಗೊ’ ಎನ್ನುವ ಮೇಷ್ಟ್ರ ಪರವಾಗಿ ಮಾತಾಡೋಣ. ಅವರು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಹುಡುಗ ಸೈನ್ಸ್ ಸೇರಿ ಆರು ತಿಂಗಳಲ್ಲಿ ಕಾಲೇಜು ಬಿಟ್ಟದ್ದನ್ನು ಒಂದಲ್ಲ, ಹತ್ತು ಸಲ ಕಂಡಿದ್ದಾರೆ. ಬಿಟ್ಟವನು ಎಲ್ಲಿಗೆ ಹೋದ? ಪಿರಿಯಾಪಟ್ಟಣದ ಕಡೆಯವನಾದರೆ ಕೊಡಗಿನ ಕಾಫಿ ತೋಟಕ್ಕೆ. ಕೋಟೆಯವನಾದರೆ ಕೇರಳದ ಗಡಿ ದಾಟಿ ಶುಂಠಿ ಹೊಲಕ್ಕೆ. ಹುಡುಗಿಯಾದರೆ ಫೇಲಾದ ವರ್ಷವೇ ಮದುವೆ. ಶ್ರೀಮಂತರ ಮಗ ಫೇಲಾದರೆ ಅವನಿಗೆ ಹೋಗುವುದು ಒಂದು ವರ್ಷ. ಅವನಪ್ಪ ಇನ್ನೊಂದು ಕಾಲೇಜಿಗೆ ದುಡ್ಡು ಕಟ್ಟುತ್ತಾನೆ, ಟ್ಯೂಷನ್ನಿಗೆ ಹಾಕುತ್ತಾನೆ, ಮುಂದಿನ ಸಲ ಪಾಸಾದ ಮೇಲೆ ಆ ವರ್ಷದ ಸುದ್ದಿ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಮ್ಮ ಕೇರಿಯ ಮಗ ಫೇಲಾದರೆ ಓದೇ ಹೋಗುತ್ತದೆ. ಹೀಗಿರುವಾಗ ಒಬ್ಬ ಮಗುವಿನ ಮುಖ ನೋಡಿಕೊಂಡು, ಆ ಮಗುವಿನ ಹಿತ ಒಂದನ್ನೇ ಯೋಚಿಸಿ, ‘ಬೇಡ ಕಣಪ್ಪ, ಆರ್ಟ್ಸ್ ತಗೊ, ಡಿಗ್ರಿ ಆದ್ರೂ ಆಗ್ತದೆ’ ಎಂದರೆ ಅದನ್ನು ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ. ಆ ಒಂದು ಮಗುವಿನ ಮಟ್ಟಿಗೆ ಅದು ವಿವೇಕವೇ.

ತೊಡಕು ಇರುವುದು ಆ ವಿವೇಕದ ಮೊತ್ತದಲ್ಲಿ. ಹನಗೋಡಿನಲ್ಲಿ ಒಬ್ಬ ಮೇಷ್ಟ್ರು, ಬೆಟ್ಟದಪುರದಲ್ಲಿ ಒಬ್ಬರು, ಸಾಲಿಗ್ರಾಮದಲ್ಲಿ ಒಬ್ಬರು, ಅಂತರಸಂತೆಯಲ್ಲಿ ಒಬ್ಬರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು, ಎಲ್ಲರೂ ಒಳ್ಳೆಯ ಮನಸ್ಸಿನಿಂದ ಅದೇ ಮಾತು ಹೇಳಿದರೆ ಜೂನ್ ಮುಗಿಯುವ ಹೊತ್ತಿಗೆ ಏನಾಗಿರುತ್ತದೆ? ಮನುಸ್ಮೃತಿ ಓದದವರೆಲ್ಲ ಸೇರಿ ಮನು ಹಾಕಿದ ಗೆರೆಯನ್ನೇ ಹಾಕಿರುತ್ತಾರೆ. ಒಂದೊಂದು ಸಲಹೆಯೂ ದಯೆ. ಎಲ್ಲ ಕೂಡಿದರೆ ಜಾತಿ. ಅನ್ಯಾಯ ಮಾಡಲು ಅನ್ಯಾಯಗಾರ ಬೇಕು ಅಂದುಕೊಂಡೇ ನಾವು ಇಷ್ಟು ವರ್ಷ ಭಾಷಣ ಮಾಡಿದೆವು. ಇಲ್ಲಿ ಅನ್ಯಾಯಗಾರ ಸಿಕ್ಕುತ್ತಿಲ್ಲ, ಆದರೆ ಅನ್ಯಾಯ ಕಣ್ಣೆದುರಿಗೇ ಇದೆ.

ಒಂದೇ ಹೈಸ್ಕೂಲಿನ ಒಂದೇ ಬೆಂಚಿನಲ್ಲಿ ಕೂತವರು ಜೂನ್ ತಿಂಗಳಲ್ಲಿ ಬೇರೆಯಾಗುವುದನ್ನು ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಬೇಕು. ನಾಲೆ ನೀರಿನ ಗದ್ದೆ ಇರುವ ಮನೆಯ ಹುಡುಗ ಮೈಸೂರಿನ ಖಾಸಗಿ ಕಾಲೇಜಿಗೆ, ಅಲ್ಲಿಯ ಹಾಸ್ಟೆಲ್ಲಿಗೆ, ಕೋಚಿಂಗಿಗೆ ಹೋಗುತ್ತಾನೆ. ಅದೇ ಗದ್ದೆಯಲ್ಲಿ ನಾಟಿ ಹಾಕಿದವಳ ಮಗಳು ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಏನಿದೆಯೋ ಅದನ್ನು ಓದುತ್ತಾಳೆ. ಅಲ್ಲಿ ಸೈನ್ಸ್ ವಿಭಾಗ ಇಲ್ಲದಿದ್ದರೆ ಅವಳ ‘ಆಯ್ಕೆ’ ಅರ್ಜಿ ಹಿಡಿಯುವ ಮುಂಚೆಯೇ ಆಗಿಹೋಗಿರುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ಅದು ದೊಡ್ಡ ಅನುಕೂಲವೇ. ಆದರೆ ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಊರಿಗೆ ಹೋಗುವ ಬಸ್ಸೂ ಇರಬೇಕಲ್ಲ?

ಹುಣಸೂರಿನ ಹೆಸರು ಈ ಸಂಗತಿಗೆ ಇನ್ನೊಂದು ರೀತಿಯಲ್ಲಿ ಅಂಟಿಕೊಂಡಿದೆ. ಈ ತಾಲ್ಲೂಕಿನ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾಗಿ, ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿದರು. 1975ರಲ್ಲಿ ವರದಿ ಬಂತು. ಯಾವ ಜಾತಿ ಶಿಕ್ಷಣದಲ್ಲಿ ಹಿಂದೆ ಬಿದ್ದಿದೆ ಎಂದು ಅಳೆಯಲು ಆಯೋಗ ಹಿಡಿದ ಅಳತೆಗೋಲು ಬೇರೆ ಏನೂ ಅಲ್ಲ, 1972ರ ಏಪ್ರಿಲ್ ತಿಂಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ಆ ಜಾತಿಯ ಸಾವಿರ ಜನಕ್ಕೆ ಎಷ್ಟು ಮಂದಿ ಪಾಸಾದರು, ರಾಜ್ಯದ ಸರಾಸರಿಗೆ ಅದು ಎಷ್ಟು ಕೆಳಗೆ ಎಂದು ಲೆಕ್ಕ ಹಾಕಿತು. ಒಂದು ಮಗುವಿನ ಪಾಸು ಫೇಲು ಆ ಮಗುವಿನ ತಲೆಯೊಳಗಿನ ವಿಚಾರ ಮಾತ್ರವಲ್ಲ, ಅದರ ಹಿಂದೆ ಒಂದು ಸಮುದಾಯದ ಹೊಲ, ಮನೆ, ಮಾತು, ಹಸಿವು ಎಲ್ಲ ಇವೆ ಎಂಬುದನ್ನು ಆ ಲೆಕ್ಕ ಸರ್ಕಾರದ ಬಾಯಿಂದಲೇ ಹೇಳಿಸಿತು. ಅದಾಗಿ ಅರ್ಧ ಶತಮಾನ ಕಳೆದಿದೆ. ಇವತ್ತು ಎಷ್ಟು ಮಂದಿ ಪಾಸು ಎಂದು ಎಲ್ಲರೂ ಎಣಿಸುತ್ತಾರೆ, ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಜಗಳವೂ ಆಗುತ್ತದೆ. ಪಾಸಾದವರು ಯಾವ ಬಾಗಿಲಿಗೆ ಹೋದರು, ಯಾರ ಮಕ್ಕಳು ಯಾವ ಬಾಗಿಲಿಗೆ ಎಂದು ನಮ್ಮ ಸಂಘಟನೆಗಳಾದರೂ ತಾಲ್ಲೂಕುವಾರು ಕೂತು ಎಣಿಸಬೇಕು. ಎಣಿಸುವುದು ದೊಡ್ಡ ಕೆಲಸವಲ್ಲ. ಕಾಲೇಜಿಗೊಬ್ಬ ವಿದ್ಯಾರ್ಥಿ ಗೆಳೆಯ ಸಾಕು.

ಸೈನ್ಸ್ ಸೇರಿದ ಮಗು ಬೀಳುವುದು ಯಾವ ಕಲ್ಲಿಗೆ ಎಡವಿ? ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇ ತಿಂಗಳವರೆಗೆ ಆ ಮಗುವಿಗೆ ದ್ಯುತಿಸಂಶ್ಲೇಷಣೆ ಗೊತ್ತಿತ್ತು, ಜಡತ್ವ ಗೊತ್ತಿತ್ತು, ವೇಗೋತ್ಕರ್ಷ ಗೊತ್ತಿತ್ತು, ಆಮ್ಲ ಪ್ರತ್ಯಾಮ್ಲ ಗೊತ್ತಿತ್ತು, ತ್ರಿಕೋನಮಿತಿಯ ಲೆಕ್ಕ ಬಿಡಿಸುತ್ತಿತ್ತು. ಜೂನ್ ತಿಂಗಳಲ್ಲಿ ಇವೆಲ್ಲ ಫೋಟೋಸಿಂಥೆಸಿಸ್, ಇನರ್ಷಿಯಾ, ಆಕ್ಸಲರೇಷನ್, ಆಸಿಡ್ ಬೇಸ್, ಟ್ರಿಗ್ನಾಮೆಟ್ರಿ ಆಗಿಬಿಡುತ್ತವೆ. ಪಾಠ ಇಂಗ್ಲಿಷು, ಪುಸ್ತಕ ಇಂಗ್ಲಿಷು. ತಿಳಿವಳಿಕೆ ಎಲ್ಲಿಗೂ ಹೋಗಿಲ್ಲ, ಅದರ ಹೆಸರು ಬದಲಾಯಿತು ಅಷ್ಟೆ. ಹೆಸರು ಬದಲಾದದ್ದನ್ನು ಉಪನ್ಯಾಸಕರು ತಿಳಿವಳಿಕೆ ಇಲ್ಲ ಎಂದು ಓದಿಕೊಳ್ಳುತ್ತಾರೆ. ಮಗುವೂ ಹಾಗೇ ಓದಿಕೊಳ್ಳುತ್ತದೆ. ಅದೇ ಹೆಚ್ಚು ಅಪಾಯ. ‘ನಂಗೆ ಸೈನ್ಸ್ ಹತ್ತಲ್ಲ ಸಾ’ ಎಂದು ಬಂದು ನಿಲ್ಲುವ ಹುಡುಗನನ್ನು ಕೂರಿಸಿಕೊಂಡು ಅದೇ ಪಾಠವನ್ನು ಕನ್ನಡದಲ್ಲಿ ಕೇಳಿ ನೋಡಿ. ಹತ್ತಿರುತ್ತದೆ. ಜೇನುಕುರುಬರ ಮಗುವಿಗಂತೂ ಇದು ಎರಡನೆಯ ಸಲದ ಪೆಟ್ಟು. ಒಂದನೇ ಕ್ಲಾಸಿಗೆ ಬಂದಾಗ ತನ್ನ ಮನೆಮಾತು ಬಿಟ್ಟು ಕನ್ನಡ ಕಲಿತಿತ್ತು, ಈಗ ಆ ಕನ್ನಡವನ್ನೂ ಬಿಡಬೇಕು.

ಇನ್ನೊಂದು ಕಲ್ಲು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯಲ್ಲಿ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸಿ ರಾತ್ರಿಯೆಲ್ಲ ಬೆಂಕಿ ಕಾಯುವುದು ಶುರುವಾಗುವುದು ಸರಿಯಾಗಿ ಜುಲೈ, ಆಗಸ್ಟಿನಲ್ಲಿ. ಹೊಸ ಭಾಷೆಯಲ್ಲಿ ಹೊಸ ಪಾಠ ಬುನಾದಿ ಹಾಕುವ ತಿಂಗಳುಗಳೂ ಅವೇ. ಬೆಳಗ್ಗೆ ಸೊಪ್ಪು ಕಟ್ಟಿ, ಅಂಟು ಹಿಡಿದ ಕಪ್ಪು ಕೈ ತೊಳೆದುಕೊಂಡು ಕಾಲೇಜಿಗೆ ಓಡಿದವನು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುತ್ತಾನೆ. ಮೊದಲ ಪೀರಿಯಡ್ಡು ಗಣಿತವಾಗಿದ್ದರೆ ವರ್ಷವಿಡೀ ಗಣಿತದಲ್ಲಿ ತೂಕಡಿಸುತ್ತಾನೆ. ಇದನ್ನು ಬುದ್ಧಿಯ ಕೊರತೆ ಎಂದು ಕರೆಯುವುದಾದರೆ ಬುದ್ಧಿ ಎಂಬ ಪದಕ್ಕೆ ಬೇರೆ ಅರ್ಥ ಹುಡುಕಬೇಕು.

ಅಂಬೇಡ್ಕರರ ಬದುಕಿನಲ್ಲೂ ವಿಷಯದ ಆಯ್ಕೆ ಒಂದು ಗಾಯವಾಗಿತ್ತು. ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಕಲಿಯುವ ಆಸೆ. ಅಸ್ಪೃಶ್ಯನಿಗೆ ಕಲಿಸುವುದಿಲ್ಲ ಎಂದರು. ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. 1907ರಲ್ಲಿ ಮೆಟ್ರಿಕ್ ಪಾಸಾದದ್ದು ಹಾಗೆ. ಸಂಸ್ಕೃತವನ್ನು ಆಮೇಲೆ ತಾವೇ ಕಲಿತರು, ಕಲಿತು ಶಾಸ್ತ್ರಗಳನ್ನು ಹೇಗೆ ಬಿಡಿಸಿಟ್ಟರು ಎಂಬುದು ಎಲ್ಲರಿಗೂ ಗೊತ್ತಿದೆ. ಕಾಲದ ತಮಾಷೆ ನೋಡಿ: ಇವತ್ತು ಪಟ್ಟಣದ ಎಷ್ಟೋ ಶಾಲೆಗಳಲ್ಲಿ ಸಂಸ್ಕೃತವನ್ನು ಮೊದಲ ಭಾಷೆಯಾಗಿ ತೆಗೆದುಕೊಳ್ಳುವುದು ಭಕ್ತಿಗಲ್ಲ, 125 ಅಂಕದ ಪತ್ರಿಕೆಯಲ್ಲಿ ಅಂಕ ಸುಲಭವಾಗಿ ಬರುತ್ತದೆ ಎಂದು. ಇದೇ ಮೊದಲ ಭಾಷೆಯ ಪ್ರಶ್ನೆಯೇ 1980ರಲ್ಲಿ ಗೋಕಾಕ್ ಸಮಿತಿಗೆ, 1982ರ ದೊಡ್ಡ ಚಳವಳಿಗೆ ಕಾರಣವಾಯಿತು. ಹನಗೋಡಿನ, ಸರಗೂರಿನ ಸರ್ಕಾರಿ ಹೈಸ್ಕೂಲಿನ ಮಗುವಿಗೆ ಕನ್ನಡವೇ ಗತಿ, ಕನ್ನಡವೇ ಹೆಮ್ಮೆ. ಅಂಕ ಬಾಚುವ ಉಪಾಯಗಳು ಅದರ ಕೈಗೆ ಸಿಕ್ಕುವುದಿಲ್ಲ.

ಆದರೆ ಅಂಬೇಡ್ಕರರ ವಿಷಯ ಎತ್ತಿದ್ದು ಇನ್ನೊಂದು ಕಾರಣಕ್ಕೆ. ಅವರು ಓದಿದ್ದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕಾನೂನು. ನಮ್ಮ ಅರ್ಜಿಯ ಭಾಷೆಯಲ್ಲಿ ಹೇಳುವುದಾದರೆ ಅವರು ಆರ್ಟ್ಸ್ ವಿದ್ಯಾರ್ಥಿ. ಅದೇ ಅಂಬೇಡ್ಕರರು 1942ರ ಅಕ್ಟೋಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋಗೆ ಕೊಟ್ಟ ಮನವಿಯಲ್ಲಿ, ಪರಿಶಿಷ್ಟ ಜಾತಿಗಳಿಗೆ ಆರ್ಟ್ಸ್ ಮತ್ತು ಕಾನೂನಿನ ಓದಿನಿಂದ ಹೆಚ್ಚಿನ ಪ್ರಯೋಜನವಿಲ್ಲ, ಮೇಲ್ಮಟ್ಟದ ವಿಜ್ಞಾನ ಮತ್ತು ತಂತ್ರವಿದ್ಯೆಯ ಓದು ಬೇಕು ಎಂದು ವಾದಿಸಿದರು. ನಮ್ಮ ಮಕ್ಕಳು ಆರ್ಟ್ಸ್, ಲಾ ಕಡೆ ಹೋಗುತ್ತಿರುವುದು ಒಲವಿನಿಂದಲ್ಲ, ವಿಜ್ಞಾನದ ಖರ್ಚು ಭರಿಸಲಾರದೆ ಎಂದರು. ಇಷ್ಟೇ ಹೇಳಿದ್ದರೆ ಅದು ಉಪದೇಶವಾಗುತ್ತಿತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ. ವಿಜ್ಞಾನ, ತಂತ್ರವಿದ್ಯೆ ಓದುವ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಇಲ್ಲಿ ಓದಲು ವರ್ಷಕ್ಕೆ 2 ಲಕ್ಷ ರೂಪಾಯಿ, ಹೊರದೇಶಕ್ಕೆ ಹೋಗಲು 1 ಲಕ್ಷ ರೂಪಾಯಿ ಕೊಡಿ ಎಂದು ಲೆಕ್ಕ ಸಮೇತ ಕೇಳಿದರು. ಸೈನ್ಸ್ ಓದಿ ಎಂದು ಮಕ್ಕಳಿಗೆ ಹೇಳುವ ಮುಂಚೆ, ಮಕ್ಕಳು ಬೀಳದ ಹಾಗೆ ನೋಡಿಕೊಳ್ಳುವ ದುಡ್ಡು ಎಲ್ಲಿ ಎಂದು ಆಳುವವರನ್ನು ಕೇಳಿದರು.

ನಾವು ಮಾಡುತ್ತಿರುವುದು ಇದರ ತದ್ವಿರುದ್ಧ. ಚಳವಳಿಯ ಒಳಗೂ ಒಂದು ಒತ್ತಾಯ ಬೆಳೆದಿದೆ. ಸಭೆ ಮುಗಿದ ಮೇಲೆ ಬುದ್ಧಿವಂತ ಹುಡುಗನೊಬ್ಬನ ಹೆಗಲ ಮೇಲೆ ಕೈ ಹಾಕಿ, ‘ನಮ್ಮೋರಲ್ಲಿ ಡಾಕ್ಟ್ರುಗಳಿಲ್ಲ ಕಣೋ, ನೀನಾಗ್ಬೇಕು, ಜನಾಂಗದ ಮಾನ ನಿನ್ ಕೈಲದೆ’ ಎಂದು ಹೇಳಿ ನಾವು ಜೀಪು ಹತ್ತಿ ಹೋಗಿಬಿಡುತ್ತೇವೆ. ಆ ಹುಡುಗನಿಗೆ ಚರಿತ್ರೆ ಇಷ್ಟವೋ, ತಮಟೆ ಇಷ್ಟವೋ, ಮೋಟಾರು ಬಿಚ್ಚುವುದು ಇಷ್ಟವೋ ನಾವು ಕೇಳಿದ್ದಿಲ್ಲ. ಸಮುದಾಯದ ಗೋಡೆಗೆ ಅವನು ಒಂದು ಇಟ್ಟಿಗೆ. ಜಾತಿ ಅವನ ಅಪ್ಪನಿಗೆ ಹೇಳಿತ್ತು: ನೀನು ಏನಾಗಬೇಕೆಂದು ನಿನ್ನ ಹುಟ್ಟು ಹೇಳುತ್ತದೆ. ನಾವು ಮಗನಿಗೆ ಹೇಳುತ್ತಿದ್ದೇವೆ: ನೀನು ಏನಾಗಬೇಕೆಂದು ನಿನ್ನ ಹುಟ್ಟಿನ ಸಾಲ ಹೇಳುತ್ತದೆ. ಉದ್ದೇಶದಲ್ಲಿ ಭೂಮಿ ಆಕಾಶದ ಅಂತರವಿದೆ, ಒಪ್ಪುತ್ತೇವೆ. ಹದಿನಾರರ ಹುಡುಗನ ಎದೆಯ ಮೇಲೆ ಕೂರುವ ಭಾರದಲ್ಲಿ ಎಷ್ಟು ಅಂತರವಿದೆಯೋ ತಿಳಿಯದು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸ ಎಂದು ಹೇಳಿ ಮಂತ್ರಿಗಿರಿಯನ್ನೇ ಕಳೆದುಕೊಂಡರು. ಆ ಮಾತಿನ ಸುತ್ತ ಎದ್ದ ಗಲಾಟೆಯಲ್ಲಿ, ದಲಿತ ವಿದ್ಯಾರ್ಥಿಗಳ ಮೇಲೆ ಬಿದ್ದ ಏಟುಗಳಲ್ಲಿ, ಅವರು ಇಂಗ್ಲಿಷ್ ಕಲಿಯಿರಿ ಎಂದು ಹೇಳಿದ್ದು ಹಿಂದೆ ಬಿತ್ತು. ಅದೂ ಒಂದು ವಿಷಯದ ಆಯ್ಕೆಯ ಮಾತೇ ಆಗಿತ್ತು. ನಾವು ಆಗಿನಿಂದ ಎರಡು ದೋಣಿಯಲ್ಲಿ ಕಾಲಿಟ್ಟಿದ್ದೇವೆ. ಬರೆದದ್ದು ಕನ್ನಡದಲ್ಲಿ, ಕಟ್ಟಿದ್ದು ಕನ್ನಡದಲ್ಲಿ; ಮಕ್ಕಳಿಗೆ ಮಾತ್ರ ಇಂಗ್ಲಿಷ್ ಇಲ್ಲದೆ ಆಗದು ಎಂದು ಒಳಗೊಳಗೇ ಗೊತ್ತು. ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ 1956-60ರ ವರ್ಷಗಳಲ್ಲಿ ವಿಜ್ಞಾನವನ್ನೂ ಕನ್ನಡದಲ್ಲಿ ಕಲಿಸಬಹುದು ಎಂದು ಹಟ ಹಿಡಿದಿದ್ದರು. ಆ ಹಟವನ್ನು ಪಿಯುಸಿಯ ಮಟ್ಟಕ್ಕಾದರೂ ಮುಂದುವರಿಸಿದ್ದರೆ ಇವತ್ತಿನ ಈ ಲೇಖನ ಬೇರೆ ರೀತಿ ಇರುತ್ತಿತ್ತು. ಅದಾಗಲಿಲ್ಲ. ಆಗುವ ತನಕ ಕಾಯಿರಿ ಎಂದು ಈ ಜೂನ್ ತಿಂಗಳ ಮಗುವಿಗೆ ಹೇಳಲಾಗದು.

ಹಾಗಾದರೆ ಆರ್ಟ್ಸ್ ಕೀಳೇ? ಕೀಳು ಎಂದು ಯಾರು ಹೇಳಿದರು ಎಂಬುದನ್ನು ನೋಡಿದರೆ ಉತ್ತರ ಸಿಕ್ಕುತ್ತದೆ. ವಿಷಯಗಳಲ್ಲೂ ಒಂದು ವರ್ಣವ್ಯವಸ್ಥೆ ಇದೆ: ತಲೆಯಲ್ಲಿ ಸೈನ್ಸು, ತೊಡೆಯಲ್ಲಿ ಕಾಮರ್ಸು, ಪಾದದಲ್ಲಿ ಆರ್ಟ್ಸು. ಈ ಮೆಟ್ಟಿಲನ್ನು ನಾವೂ ನಂಬಿ ಪಾದದಲ್ಲಿರುವವರನ್ನು ಕನಿಕರದಿಂದ ನೋಡಿದರೆ ಗೆದ್ದವರು ಮೆಟ್ಟಿಲು ಕಟ್ಟಿದವರೇ. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾಯಿದೆ ಬಂತು. ಜನ ಅದನ್ನು ಪಿಟಿಸಿಎಲ್ ಎನ್ನುತ್ತಾರೆ. ಈ ಸೀಮೆಯ ಎಷ್ಟು ಕೇರಿಗಳಲ್ಲಿ ಆ ಕಾಯಿದೆಯ ಕೇಸುಗಳು ಕೊಳೆಯುತ್ತಿಲ್ಲ? ಮಂಜೂರಾತಿ ಕಾಗದ ಓದುವುದಕ್ಕೆ, ಹಳೆಯ ಪಹಣಿ ಹುಡುಕುವುದಕ್ಕೆ, ಸೆಕ್ಷನ್ನು ಹೇಳಿ ವಾದಿಸುವುದಕ್ಕೆ ಬೇಕಾದ ಓದು ಚರಿತ್ರೆಯದು, ರಾಜ್ಯಶಾಸ್ತ್ರದ್ದು, ಕಾನೂನಿನದು. ಹೊಗೆಸೊಪ್ಪಿನ ಹರಾಜಿನಲ್ಲಿ ಗ್ರೇಡು ಇಳಿದಾಗ ಬೆಳೆದವನ ಜೇಬಿನಿಂದ ಎಷ್ಟು ಹೋಯಿತು, ಕಟ್ಟಿದವಳ ಕೂಲಿಯಿಂದ ಎಷ್ಟು ಹೋಯಿತು ಎಂದು ಬಿಡಿಸಿ ಹೇಳಲು ಅರ್ಥಶಾಸ್ತ್ರ ಬೇಕು. ದಡ್ಡರಿಗೆ ಎಂದು ಬಿಟ್ಟುಕೊಟ್ಟ ವಿಷಯಗಳಲ್ಲಿ ಆಳುವ ವಿದ್ಯೆಯೆಲ್ಲ ಇದೆ. ಉಳ್ಳವರ ಮಕ್ಕಳು ಐಎಎಸ್‌ಗೆ ಕೂರುವಾಗ ಇಂಜಿನಿಯರಿಂಗ್ ಮುಗಿಸಿ ಬಂದು ಇದೇ ಚರಿತ್ರೆ, ಇದೇ ರಾಜ್ಯಶಾಸ್ತ್ರ ಓದುತ್ತಾರೆ.

ಒಂದು ಮಾತನ್ನು ಮಾತ್ರ ಹಟ ಹಿಡಿದು ಹೇಳುತ್ತೇವೆ. ಹದಿನಾರನೇ ವಯಸ್ಸಿಗೆ ಲೆಕ್ಕ ಬಿಡುವುದು ದೊಡ್ಡ ನಷ್ಟ. 1923ರಲ್ಲಿ ಅಚ್ಚಾದ ಅಂಬೇಡ್ಕರರ ರೂಪಾಯಿಯ ಸಮಸ್ಯೆಯ ಪುಸ್ತಕವನ್ನು ತೆರೆದರೆ ಪುಟ ಪುಟಕ್ಕೂ ಅಂಕಿಗಳ ಪಟ್ಟಿ. ಅವರ ಅರ್ಥಶಾಸ್ತ್ರ ಲೆಕ್ಕ ಬಿಟ್ಟ ಅರ್ಥಶಾಸ್ತ್ರವಲ್ಲ. ನಮ್ಮ ಕಡೆಯ ಹೆಚ್ಚಿನ ಕಾಲೇಜುಗಳಲ್ಲಿ ಆರ್ಟ್ಸ್ ಎಂದರೆ ಗಣಿತಕ್ಕೂ ಸಂಖ್ಯಾಶಾಸ್ತ್ರಕ್ಕೂ ಕೈಮುಗಿದದ್ದೇ. ಮಗುವೂ ಖುಷಿಪಡುತ್ತದೆ, ‘ಸದ್ಯ, ಲೆಕ್ಕ ತಪ್ಪಿತು’ ಎಂದು. ಬಡ್ಡಿ ಲೆಕ್ಕ, ಕೂಲಿ ಲೆಕ್ಕ, ಎಕರೆ ಗುಂಟೆಯ ಲೆಕ್ಕದಲ್ಲಿ ಮೂರು ತಲೆಮಾರು ಮೋಸ ಹೋದ ಮನೆಯಿಂದ ಬಂದ ಮಗು ಹೀಗೆ ಖುಷಿಪಡುವುದನ್ನು ನೋಡಲಾಗುವುದಿಲ್ಲ.

ಮತ್ತೆ ಮೇಷ್ಟ್ರ ಮುಂದೆ ನಿಂತಿರುವ ಮಗುವಿನ ಬಳಿಗೆ ಬರೋಣ. ಅದಕ್ಕೆ ಏನು ಹೇಳಬೇಕು? ಧೈರ್ಯ ಮಾಡಿ ಸೈನ್ಸ್ ತಗೊ ಎಂದೇ, ಪಾಸಾಗೋದನ್ನ ತಗೊ ಎಂದೇ? ಈ ಎರಡರಲ್ಲಿ ಯಾವುದು ಸರಿ ಎಂದು ನಾವು ಬಹಳ ಹೊತ್ತು ವಾದ ಮಾಡಿದ್ದೇವೆ. ಈಗ ನಮಗೆ ಅನ್ನಿಸುವುದು, ಪ್ರಶ್ನೆಯನ್ನೇ ಬೇರೆ ಕಡೆ ಇಡಬೇಕು. ಎರಡು ಸಲಹೆಯಲ್ಲೂ ಸೋಲಿನ ಬೆಲೆ ಕಟ್ಟುವುದು ಮಗು. ಹೇಳಿದವರು ಏನನ್ನೂ ಕಟ್ಟುವುದಿಲ್ಲ. ಸಲಹೆ ಕೊಟ್ಟವರು ಆ ಬೆಲೆಯಲ್ಲಿ ಪಾಲು ಹೊರದಿದ್ದರೆ ಅವರ ಸಲಹೆಗೆ ನೀತಿಯ ತೂಕವಿಲ್ಲ. ಸೈನ್ಸ್ ತಗೊ ಎಂದವನು ಎರಡು ವರ್ಷ ಆ ಮಗುವಿನ ಜೊತೆ ನಿಲ್ಲಬೇಕು. ಆರ್ಟ್ಸ್ ತಗೊ ಎಂದವನು ಯಾವ ಅಗುಳಿ ಬೀಳುತ್ತದೆ ಎಂದು ಮೊದಲೇ ಬಿಚ್ಚಿ ಹೇಳಬೇಕು, ಆಮೇಲೆ ಅವನೂ ಜೊತೆ ನಿಲ್ಲಬೇಕು. ನಿಲ್ಲಲಾರದವನು ಸುಮ್ಮನಿದ್ದು ಮಗುವನ್ನೇ ಕೇಳಲಿ: ನಿನಗೆ ಏನು ಬೇಕು? ಈ ಪ್ರಶ್ನೆಯನ್ನು ನಮ್ಮ ಕೇರಿಯ ಮಕ್ಕಳಿಗೆ ಇದುವರೆಗೆ ಕೇಳಿದವರೇ ಕಡಿಮೆ, ಹಾಗಾಗಿ ಉತ್ತರ ಬರಲು ತಡವಾಗುತ್ತದೆ. ಕಾಯಬೇಕು.

ಮಗುವಿಗೆ ತಿಳಿಸಲೇಬೇಕಾದ ಸಣ್ಣ ಸಂಗತಿಗಳೂ ಇವೆ. ವೃತ್ತಿಶಿಕ್ಷಣದ ಸೀಟುಗಳಲ್ಲಿ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಶೇಕಡ 5 ಮೀಸಲು ಇದೆ, ಪರಿಶಿಷ್ಟರ ಪಾಲಿನೊಳಗೂ ಇದೆ. ಪಿಯುಸಿ ಬೇಡವೆಂದರೆ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿ, ಅಲ್ಲಿಂದ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಇದನ್ನು ಹೇಳದೆ ಇರುವುದೂ ಒಂದು ಸಲಹೆಯೇ.

‘ಎರಡು ವರ್ಷ ಯಾರ್ ನಿಲ್ತಾರೆ ಸಾ? ನಮ್ಗೆ ಬಿಸಿಯೂಟದ ಲೆಕ್ಕ, ಎಲೆಕ್ಷನ್ ಡ್ಯೂಟಿ, ಗಣತಿ ಕೆಲಸ’ ಎಂದು ಪಿರಿಯಾಪಟ್ಟಣ ಕಡೆಯ ಮೇಷ್ಟ್ರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಒಬ್ಬರೇ ನಿಲ್ಲಲಾಗುವುದಿಲ್ಲ. ಕನ್ನಡದ ವಿಜ್ಞಾನದಿಂದ ಇಂಗ್ಲಿಷಿನ ವಿಜ್ಞಾನಕ್ಕೆ ದಾಟಿಸಲು ಪಿಯುಸಿಯ ಮೊದಲ ತಿಂಗಳನ್ನು ಪೂರ್ತಿ ಬಿಟ್ಟುಕೊಡಿ ಎಂದು ಇಲಾಖೆಯನ್ನು ಕೇಳಬೇಕು. ಫೇಲಾದ ಮಗುವಿಗೆ ಇನ್ನೊಂದು ವರ್ಷ ಹಾಸ್ಟೆಲಿನ ಊಟ, ಹಾಸಿಗೆ, ಸ್ಕಾಲರ್‌ಶಿಪ್ ನಿಲ್ಲದ ಹಾಗೆ ಕೇಳಬೇಕು. ಆರ್ಟ್ಸ್ ತರಗತಿಗೂ ಗಣಿತ ಕೇಳಬೇಕು. ಹೋಬಳಿಗೊಂದು ಸೈನ್ಸ್ ವಿಭಾಗ ಕೇಳಬೇಕು. ಇವನ್ನು ಹೋರಾಟದ ಪಟ್ಟಿಯಲ್ಲಿ ಮೇಲಕ್ಕೆ ತರಲು ಸಂಘಟನೆಗಳ ಒಳಗೇ ಜಗಳ ಆಡಬೇಕಾಗುತ್ತದೆ, ಆಡೋಣ.

ಇಲಾಖೆ ಕೊಡುವ ತನಕ ಮಾಡಬಹುದಾದ್ದೂ ಇದೆ. ನಮ್ಮ ಕೇರಿಗಳಿಂದಲೇ ಹೋಗಿ ಬಿ.ಎಸ್ಸಿ., ಎಂ.ಎಸ್ಸಿ., ಇಂಜಿನಿಯರಿಂಗ್ ಮುಗಿಸಿ ಮೈಸೂರಿನಲ್ಲಿ ಕೆಲಸದಲ್ಲಿರುವವರು ಬಹಳ ಮಂದಿ ಇದ್ದಾರೆ. ಈ ಪತ್ರಿಕೆ ಓದುವವರಲ್ಲೂ ಇದ್ದಾರೆ. ಜೂನ್, ಜುಲೈ, ಆಗಸ್ಟಿನ ಭಾನುವಾರಗಳಲ್ಲಿ ಬೆಳಗ್ಗೆ ಹತ್ತರಿಂದ ಒಂದರವರೆಗೆ ಹನಗೋಡು, ಬೆಟ್ಟದಪುರ, ಸಾಲಿಗ್ರಾಮ, ಅಂತರಸಂತೆ ಈ ನಾಲ್ಕು ಕಡೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತವನ್ನು ಕನ್ನಡದಲ್ಲಿ ಶುರುಮಾಡಿ ಇಂಗ್ಲಿಷಿಗೆ ದಾಟಿಸಲು ಕಡೆಗೆ ಇಬ್ಬಿಬ್ಬರಾದರೂ ಬೇಕು. ಬಸ್ ಚಾರ್ಜು ಕೊಡಲು ನಮ್ಮಲ್ಲಿ ದುಡ್ಡಿಲ್ಲ. ಮಧ್ಯಾಹ್ನದ ಊಟ ಕೇರಿಯ ಮನೆಗಳಲ್ಲಿ ಆಗುತ್ತದೆ. ಸೊಪ್ಪಿನ ಕಾಲವಾದ್ದರಿಂದ ಕೆಲವು ಮಕ್ಕಳು ತಡವಾಗಿ ಬರುತ್ತಾರೆ, ಅವರಿಗೆ ಮೊದಲಿನಿಂದ ಇನ್ನೊಂದು ಸಲ ಹೇಳಬೇಕಾಗುತ್ತದೆ.